ಭಾವವಿಲ್ಲದ ಮುಖ ಬೇಕಾಗಿದೆ

ಅಮೆರಿಕದ ವೀಸಾಕ್ಕೆ ಕಾಗದಪತ್ರ ಹೊಂದಿಸುವುದು ಅಂಥ ಕಷ್ಟವೇನಲ್ಲ. ಪಿಂಚಣಿ ಆದೇಶ, ಮನೆ ಕಂದಾಯದ ರಸೀದಿ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಬೀರುವಿನಲ್ಲೇ ಇರುತ್ತವೆ. ಜೆರಾಕ್ಸ್ ಅಂಗಡಿ ಪಕ್ಕದ ರಸ್ತೆಯಲ್ಲಿರುತ್ತದೆ. ಎಷ್ಟು ಹುಡುಕಿದರೂ ಮನೆಯಲ್ಲಿ ಸಿಗದಿರುವುದು ಅವರು ಕೇಳುವ ಮುಖ.

ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೊರಟ ನಮ್ಮಿಂದ ಆ ದೇಶ ಬಯಸಿದ್ದು ಎರಡು ಅಂಗುಲದ ಚೌಕ ಫೋಟೋ. ಗದ್ದದಿಂದ ನೆತ್ತಿಯವರೆಗೆ ತಲೆ 25ರಿಂದ 35 ಮಿಲಿಮೀಟರಿನೊಳಗೆ ಇರಬೇಕು. ಹಿನ್ನೆಲೆ ಬಿಳಿ. ಫೋಟೋಕ್ಕೆ ಆರು ತಿಂಗಳಿಗಿಂತ ಹೆಚ್ಚು ವಯಸ್ಸಾಗಿರಬಾರದು. ಕಂಪ್ಯೂಟರಿಗೆ ಏರಿಸುವ ಪ್ರತಿ 240 ಕಿಲೋಬೈಟ್ ಮೀರಬಾರದು. ಇಷ್ಟೂ ಸ್ಟುಡಿಯೋದವನ ತಲೆನೋವು ಎಂದು ಸುಮ್ಮನಿರಬಹುದು. ನಮ್ಮ ತಲೆಗೇ ಬಂದದ್ದು ಇನ್ನೊಂದು ಷರತ್ತು: ಮುಖದಲ್ಲಿ ಯಾವ ಭಾವವೂ ಇರಕೂಡದು.

ಇದನ್ನು ಬರೆದವರು ನಮ್ಮ ಕಡೆಯ ಮುಖಗಳನ್ನು ನೋಡಿರಲಾರರು. ನಮ್ಮಲ್ಲಿ ಮುಖ ಎನ್ನುವುದು ಯಾವಾಗಲೂ ಯಾರಿಗೋ ಮೀಸಲು. ಬೀಗರಿಗೆ ಒಂದು, ಬಾಡಿಗೆದಾರನಿಗೆ ಒಂದು, ಸಾಲ ಕೇಳಲು ಬಂದ ಷಡ್ಡಕನಿಗೆ ಒಂದು, ಚಿಲ್ಲರೆ ಆಮೇಲೆ ಕೊಡ್ತೀನಿ ಅಂದು ಮರೆಯುವ ಕಂಡಕ್ಟರಿಗೆ ಒಂದು. ಯಾರಿಗೂ ಅಲ್ಲದ ಮುಖವನ್ನು ನಾವು ಇಟ್ಟುಕೊಂಡೇ ಇಲ್ಲ. ಭಾವ ತೆಗೆದುಬಿಡಿ ಎಂದರೆ ನನ್ನ ಮುಖದಲ್ಲಿ ಉಳಿಯುವುದು ಆರೋಪಿಯ ಕಳೆ. ನನ್ನ ಹೆಂಡತಿಯ ಮುಖದಲ್ಲಿ ಉಳಿಯುವುದು ನ್ಯಾಯಾಧೀಶರದು.

ನಮ್ಮ ಬಡಾವಣೆಯ ಸ್ಟುಡಿಯೋ ಈಗಿನವನ ಅಪ್ಪನ ಕಾಲದ್ದು. ಜಲಪಾತ, ಹುಣ್ಣಿಮೆ ಚಂದ್ರ, ಜೋಡಿ ಹಂಸಗಳಿರುವ ಹಳೆಯ ಪರದೆ ಇನ್ನೂ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿದೆ. ಕನ್ನಡಿಯ ಪಕ್ಕ ದಾರಕ್ಕೆ ಕಟ್ಟಿದ ಬಾಚಣಿಗೆ (ದಾರ ಯಾಕೋ ತಿಳಿಯದು, ಅದನ್ನು ಕದಿಯುವ ಧೈರ್ಯ ಯಾರಿಗೂ ಬರಲಾರದು), ಒಂದು ಪೌಡರ್ ಡಬ್ಬಿ, ಮೊಳೆಗೆ ನೇತುಹಾಕಿದ ಕರಿ ಕೋಟು. ಬಿಳಿ ಗೋಡೆಯ ಮುಂದೆ ಬಿಳಿ ಅಂಗಿಯವರು ಕೂತರೆ ಭುಜ ಮಾಯವಾಗಿ ತಲೆಯೊಂದೇ ತೇಲುತ್ತದಲ್ಲ, ಅಂಥವರಿಗಾಗಿ ಅದು. ಕೋಟಿನ ಬೆನ್ನು ಉದ್ದಕ್ಕೂ ಹರಿದಿದೆ. ಕ್ಯಾಮೆರಾಕ್ಕೆ ಬೇಕಾದ್ದು ಎದೆ ಮಾತ್ರ.

"ಕನ್ನಡಕ ತೆಗೀರಿ ಸಾರ್."

ನಾವಿಲ್ಲಿ ರಾಜ್ಯೋತ್ಸವದ ಬಾವುಟ ಹಾರಿಸುತ್ತಿದ್ದ 2016ರ ನವೆಂಬರ್ 1ರಂದೇ ಅಮೆರಿಕದವರು ವೀಸಾ ಫೋಟೋದಲ್ಲಿ ಕನ್ನಡಕ ಕೂಡದೆಂಬ ನಿಯಮ ಜಾರಿಗೆ ತಂದರಂತೆ. ಹೈಸ್ಕೂಲಿನಿಂದ ಮೂಗಿನ ಮೇಲೆ ಕೂತದ್ದನ್ನು ಇಳಿಸಿದೆ. "ಈಗ ಕ್ಯಾಮೆರಾ ನೋಡಿ" ಎಂದ. ಕನ್ನಡಕವಿಲ್ಲದೆ ಕ್ಯಾಮೆರಾವನ್ನು ಹೇಗೆ ನೋಡಲಿ? ಎದುರಿಗೆ ಕಪ್ಪಗೆ ಕಂಡದ್ದನ್ನು ದಿಟ್ಟಿಸಿದೆ. "ಅದು ನನ್ನ ತಲೆ ಸಾರ್, ಇನ್ನೂ ಸ್ವಲ್ಪ ಕೆಳಗೆ." ಫೋಟೋ ಬಂದ ಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಅದರಲ್ಲಿದ್ದವನು ಯಾರೆಂದು ನನಗೆ ತಿಳಿಯಲಿಲ್ಲ. ನಾನು ಯಾರೆಂದು ಅವನಿಗಂತೂ ಕಾಣುವ ಹಾಗೇ ಇರಲಿಲ್ಲ.

ಫೋಟೋಗಳು ಪಾಸ್‌ಪೋರ್ಟಿನೊಳಗೆ ಬಂದು ಕೂತದ್ದು ಮೊದಲ ಮಹಾಯುದ್ಧದ ಹೊತ್ತಿಗೆ, ಗೂಢಚಾರರ ಭಯದಿಂದ. 1915ರ ಸುಮಾರಿನ ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಫೋಟೋ ಸಾಲದೆಂದು ಹಣೆ ಹೇಗೆ, ಮೂಗು ಹೇಗೆ, ಕಣ್ಣು ಹೇಗೆ ಎಂದು ಮಾತಿನಲ್ಲೂ ಬರೆಯುತ್ತಿದ್ದರು. ಆ ಪದ್ಧತಿ ಉಳಿಯಬೇಕಿತ್ತು ಎನ್ನುವ ಪಕ್ಷ ನನ್ನದು. ವರ್ಣನೆಯ ಕೆಲಸವನ್ನು ನಮ್ಮ ಸೋದರತ್ತೆಯರಿಗೆ ವಹಿಸಿದ್ದರೆ ಯಾವ ಗೂಢಚಾರನೂ ಗಡಿ ದಾಟುತ್ತಿರಲಿಲ್ಲ. "ಹಣೆ: ಅವರಪ್ಪನದು, ಕೂದಲು ನಿಲ್ಲೋ ಜಾತಿ ಅಲ್ಲ. ಮೂಗು: ತಾಯಿ ಕಡೆಯದು, ಅದಕ್ಕೇ ಹಾಗಿದೆ." ಈಗ ಆ ಕೆಲಸ ಯಂತ್ರಕ್ಕೆ ಹೋಗಿದೆ. ನಕ್ಕರೆ ಕೆನ್ನೆ ಏರಿ ಕಣ್ಣು ಕಿರಿದಾಗುತ್ತದೆ, ಬಾಯಿ ಅಗಲವಾಗುತ್ತದೆ, ಮುಖ ತಾಳೆ ನೋಡುವ ಯಂತ್ರದ ಲೆಕ್ಕ ತಪ್ಪುತ್ತದೆ. ನಗದ ಮುಖ ಬೇಕಾಗಿರುವುದು ಅದಕ್ಕೆ. ನಗುವಾಗಲೂ ಗುರುತು ಹಿಡಿಯುವುದು ಅತ್ತೆಯರಿಗಷ್ಟೇ ಸಾಧ್ಯ.

ಸ್ಟುಡಿಯೋದವನಿಗೆ ಇನ್ನೊಂದು ಸಂಕಟವಿತ್ತು. ಮುಖವನ್ನು ತಿದ್ದುವ ಹಾಗಿಲ್ಲ. ಮದುವೆ ಫೋಟೋಗಳಲ್ಲಿ ಎಂಥ ಮುಖಕ್ಕೂ ಎರಡು ಕೋಟು ಸುಣ್ಣ ಬಳಿದು ಅಭ್ಯಾಸವಾದ ಕೈ ಅದು. "ಕಣ್ಣ ಕೆಳಗಿನ ಕಪ್ಪಾದ್ರೂ ತೆಗೀತೀನಿ ಸಾರ್" ಎಂದು ಮೌಸು ಹಿಡಿದವನು ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಎಡಗೆನ್ನೆಯ ಮಚ್ಚೆಯನ್ನೇ ಅಳಿಸಿಬಿಟ್ಟ. ಪಾಸ್‌ಪೋರ್ಟ್ ಅರ್ಜಿಯಲ್ಲಿ ನನ್ನ ಗುರುತಿನ ಚಿಹ್ನೆ ಎಂದು ಬರೆದುಕೊಟ್ಟಿರುವುದು ಆ ಮಚ್ಚೆಯೊಂದನ್ನೇ! ಬಾಯಿ ಮಾಡಿದ ಮೇಲೆ ಅದನ್ನು ವಾಪಸು ತಂದಿಟ್ಟ, ತನ್ನ ಕೈಯಿಂದ ಏನೋ ಖರ್ಚಾದವನಂತೆ.

ನನ್ನ ಹೆಂಡತಿಯ ಸರದಿ ಬಂದಾಗ ಮೊದಲು ಮೂಗುಬೊಟ್ಟು ತಕರಾರು ಮಾಡಿತು. ಫ್ಲ್ಯಾಶ್ ಬಿದ್ದರೆ ಹರಳು ಮಿಂಚಿ ಮೂಗಿನ ಅರ್ಧ ಬೆಳ್ಳಗಾಗುತ್ತಿತ್ತು. ತೆಗೆಯಲು ಅವಳು ಒಪ್ಪಲಿಲ್ಲ, ದೀಪವೇ ಪಕ್ಕಕ್ಕೆ ಸರಿಯಬೇಕಾಯಿತು. ಕಿವಿಯ ಮೇಲಿನ ಕೂದಲನ್ನು ಅವನು ಹಿಂದೆ ಸರಿಸಲು ಹೇಳಿದ. ಎರಡೂ ಕಿವಿ ಕಾಣಲೇಬೇಕು ಎನ್ನುವುದು ಅವನ ವ್ರತ.

"ನಗಬೇಡಿ ಮೇಡಂ."

"ನಾನೆಲ್ಲಪ್ಪಾ ನಕ್ಕೆ? ಹಲ್ಲಿನ ಸೆಟ್ಟೇ ಹಾಗಿರೋದು."

"ಸರಿ. ಈಗ ಕೋಪ ಮಾಡ್ಕೋಬೇಡಿ."

"ಕೋಪ ಎಲ್ಲಿದೆ?" ಎಂದು ಅವಳು ಕೇಳಿದ ಧಾಟಿಗೆ ಅವನು ಕ್ಯಾಮೆರಾದ ಹಿಂದಕ್ಕೆ ಸರಿದ. ಆಮೇಲೆ ಅವಳು ನನ್ನ ಕಡೆ ತಿರುಗಿ, "ರೀ, ನೀವು ಸ್ವಲ್ಪ ಆಚೆ ಹೋಗಿ ನಿಂತ್ಕೊಳ್ಳಿ. ನಿಮ್ಮನ್ನ ನೋಡಿದ್ರೆ ಮುಖ ಸುಮ್ಮನಿರಲ್ಲ" ಎಂದಳು. ನಗು ಬರುತ್ತದೋ ಸಿಟ್ಟು ಬರುತ್ತದೋ ಅದನ್ನು ಬಿಡಿಸಿ ಹೇಳಲಿಲ್ಲ. ನಾನು ಆಚೆ ಹೋಗಿ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತೆ. ಫೋಟೋ ತಕ್ಷಣ ಸರಿಹೋಯಿತು ಎಂದು ಸ್ಟುಡಿಯೋದವನು ಹೊರಗೆ ಬಂದು ಹೇಳಿದ. ಅಮೆರಿಕಕ್ಕೆ ಬೇಕಾದ ಮುಖ ಇವಳಿಗೆ ಇತ್ತು, ಅಡ್ಡ ಕೂತಿದ್ದವನು ನಾನೇ.

ಇಷ್ಟೆಲ್ಲ ಆಗಿ, ವೀಸಾದ ಕೆಲಸಕ್ಕೆಂದು ಚೆನ್ನೈಗೆ ಹೋದರೆ ಅಲ್ಲಿ ಬೆರಳಚ್ಚಿನ ಜೊತೆ ಇನ್ನೊಂದು ಫೋಟೋ ತೆಗೆದರು. ಗದ್ದ ಕೆಳಗೆ ಎನ್ನುವ ಸಡಗರವಿಲ್ಲ, ಕಿವಿಯ ವಿಚಾರಣೆಯಿಲ್ಲ. ಇವಳು ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಮುಗಿದೇ ಹೋಯಿತು. "ಇನ್ನೊಂದು ತೆಗೀಮ್ಮಾ" ಎಂದು ಆರತಕ್ಷತೆಯ ವೇದಿಕೆಯ ಮೇಲಿರುವವಳಂತೆ ಕೇಳಿದಳು. ಕನ್ನಡ ಬಾರದ ಆ ಹುಡುಗಿ ಮುಂದಿನವರನ್ನು ಕರೆದಳು.

ವೀಸಾ ಸಿಕ್ಕಿತು. ಉಳಿದದ್ದು ಸ್ಟುಡಿಯೋ ಪ್ರತಿಗಳು. ದುಡ್ಡು ಕೊಟ್ಟು ತೆಗೆಸಿದ್ದನ್ನು ಎಸೆಯುವ ವಂಶ ನಮ್ಮದಲ್ಲ. ಆದರೆ ನಮ್ಮ ದೇಶದ ಅರ್ಜಿಗಳಲ್ಲಿ ಇರುವುದೆಲ್ಲ ನಿಂತ ಚೌಕಟ್ಟು, ಎರಡು ಅಂಗುಲದ ಚೌಕ ಎಲ್ಲಿಯೂ ಕೂರುವುದಿಲ್ಲ. ಮೊನ್ನೆ ಸಹಕಾರ ಸಂಘದ ಸದಸ್ಯತ್ವದ ಕಾರ್ಡಿಗೆ ಸ್ಟಾಂಪ್ ಸೈಜು ಬೇಕೆಂದಾಗ ಇವನ್ನೇ ಒಯ್ದೆ. ಗುಮಾಸ್ತರು ಡ್ರಾಯರಿನಿಂದ ಕತ್ತರಿ ತೆಗೆದು ಇಬ್ಬರ ಫೋಟೋಗಳನ್ನೂ ಎಡಕ್ಕೊಂದು ಬಲಕ್ಕೊಂದು ಕಚಕ್ ಎನಿಸಿದರು. ನಾಲ್ಕು ಕಿವಿಗಳು ಮೇಜಿನ ಮೇಲೆ ಬಿದ್ದವು.

"ಸಾರ್, ಕಿವಿ..." ಎಂದೆ.

"ಇರಲಿ ಬಿಡಿ" ಎಂದು ಅಂಟು ಸವರಿ ಒತ್ತಿದರು. "ಅಡ್ಡ ಸಹಿ ಮಾಡಿ. ಅರ್ಧ ಕಾರ್ಡಿನ ಮೇಲೆ, ಅರ್ಧ ಮುಖದ ಮೇಲೆ."