ಅಳುಮೋರೆಯ ಲ್ಯಾಪ್‌ಟಾಪು

ಹೊಸ ಗೇಮಿಂಗ್ ಲ್ಯಾಪ್‌ಟಾಪಿನ ಗತ್ತೇ ಬೇರೆ. ಕೀಲಿಮಣೆ ತುಂಬ ಬಣ್ಣದ ದೀಪ, ಫ್ಯಾನಿಗೆ ಹಿಟ್ಟಿನ ಗಿರಣಿಯ ಸದ್ದು. ಶತ್ರುವಿನ ಕೋಟೆ ಇನ್ನೇನು ಬೀಳಬೇಕು, ಅಷ್ಟರಲ್ಲಿ ವಿಂಡೋಸೇ ಬೀಳುತ್ತದೆ. 2025ರವರೆಗೆ ಆಗ ಬರುತ್ತಿದ್ದುದು ನೀಲಿ ಪರದೆ, ಮೇಲೊಂದು ಅಳುಮೋರೆ. ದುಡ್ಡು ಕೊಟ್ಟವರು ನಾವು, ಅಳುತ್ತಿದ್ದುದು ಅದು!

ಕೂಡಲೇ ಸಲಹೆಗಾರರು ಹುಟ್ಟಿಕೊಳ್ಳುತ್ತಾರೆ. ‘ಫಾರ್ಮ್ಯಾಟ್ ಹೊಡೀರಿ ಭಾವ’ ಅಂತಾನೆ ಭಾವಮೈದುನ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅವನದು ಅದೇ ಮಾತು. ‘ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ ಸರ್?’ ಅಂತಾರೆ ಸರ್ವಿಸ್ ಸೆಂಟರಿನವರು. ಅದು ತನ್ನಷ್ಟಕ್ಕೆ ತಾನೇ ಆಫಾಗಿ ಆನಾಗ್ತಿದೆ ಮಾರಾಯ್ರೆ, ದೂರೇ ಅದು!

ಇವರೆಲ್ಲರಿಗಿಂತ ಪರದೆಯೇ ವಾಸಿ. ಕೆಳಗೆ ಸಣ್ಣಕ್ಷರದಲ್ಲಿ ‘ಸ್ಟಾಪ್ ಕೋಡ್’ ಬರೆದು ಸಾಯುತ್ತದೆ. ನಾವು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಓದುತ್ತೇವೆ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತಿದ್ದರೆ ಮೊದಲ ಗುಮಾನಿ ರ‍್ಯಾಮ್ ಮೇಲೆ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ‘ವಿಡಿಯೊ ಟಿಡಿಆರ್’ ಅಂತಿದ್ದರೆ ಗ್ರಾಫಿಕ್ಸ್ ಡ್ರೈವರನ್ನು ಪೂರ್ತಿ ಕಿತ್ತು ಮತ್ತೆ ಹಾಕಿ. ಸತ್ತಾಗ ಸಾಮಾನ್ಯವಾಗಿ ಯಂತ್ರ ವಿಂಡೋಸ್ ಫೋಲ್ಡರಿನ ‘ಮಿನಿಡಂಪ್’ನಲ್ಲಿ ಪುಟ್ಟ ಮರಣಪತ್ರವನ್ನೂ ಇಟ್ಟುಹೋಗುತ್ತದೆ.

ನಾಚಿಕೆಯೇನೂ ಬೇಡ. 1998ರ ಏಪ್ರಿಲಿನಲ್ಲಿ ಷಿಕಾಗೊದ ವೇದಿಕೆಯ ಮೇಲೆ ವಿಂಡೋಸ್ 98 ತೋರಿಸುವಾಗ, ಸ್ಕ್ಯಾನರ್ ಸಿಕ್ಕಿಸಿದ್ದೇ ತಡ, ಸ್ವತಃ ಬಿಲ್ ಗೇಟ್ಸ್ ಎದುರಿಗೇ ನೀಲಿ ಪರದೆ ಬಂದಿತ್ತು. 2025ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ರ ಆ ಪರದೆಗೆ ಕಪ್ಪು ಬಳಿದು, ಅಳುಮೋರೆಯನ್ನೂ ತೆಗೆಯಿತು. ಬೀಳುವುದನ್ನು ನಿಲ್ಲಿಸುತ್ತೇನೆ ಅಂತ ಮಾತ್ರ ಹೇಳಲಿಲ್ಲ.

ಅಂದಹಾಗೆ, ಹೊಸ ಯಂತ್ರಕ್ಕೆ ವಾರಂಟಿ ಇರುತ್ತದೆ. ಸ್ಕ್ರೂಡ್ರೈವರ್ ಹುಡುಕುವ ಮೊದಲು ಬಿಲ್ ಹುಡುಕಿ.