ಸ್ಟಿಕರ್ ಶಾಸನಗಳು: ಪಾಠ, ಕಾಲನಿರ್ಣಯ ಮತ್ತು ಕೆಲವು ವಿವಾದಗಳು

ಲ್ಯಾಪ್‌ಟಾಪಿನ ಕೀಲಿಮಣೆಯ ಕೆಳಗೆ, ಅಂಗೈ ಊರುವ ಜಾಗದಲ್ಲಿ ಅಂಟಿಸಿರುವ ಬಣ್ಣದ ಚೀಟಿಗಳು ಶಾಸನಗಳೇ ಎಂದು ಪಂಡಿತಲೋಕ ಇನ್ನೂ ಒಪ್ಪಿಲ್ಲ. ಒಪ್ಪಿಸುವುದೇ ಈ ಸಂಪ್ರಬಂಧದ ಉದ್ದೇಶ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಗಾಗಿ ಬಿ.ಎಲ್. ರೈಸ್ ಅವರು ಮೈಸೂರು ಸೀಮೆಯ ಕಲ್ಲುಗಳನ್ನು ಅರಸಿದರು. ಪ್ರಸ್ತುತ ಸಂಶೋಧಕನು ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ, ಬಿಸಿಲಲ್ಲಿ, ನಡೆದಿದ್ದಾನೆ. ಯಾರ ಶ್ರಮ ಹೆಚ್ಚೆಂಬುದನ್ನು ಓದುಗರ ವಿವೇಚನೆಗೆ ಬಿಡಲಾಗಿದೆ.

ಲಕ್ಷಣಗಳೆಲ್ಲ ಹೊಂದುತ್ತವೆ. ಮೊದಲಿಗೆ ಪ್ರಶಸ್ತಿ: ‘ಕೋರ್ ಐ7’, ‘ರೈಜೆನ್ 5’, ‘ಅಲ್ಟ್ರಾ’. ಬಳಿಕ ದತ್ತಿಯ ವಿವರ: ಇಷ್ಟು ಜಿಬಿ ರ‍್ಯಾಮ್, ಇಷ್ಟು ಜಿಬಿ ಎಸ್‌ಎಸ್‌ಡಿ. ಕೊನೆಗೆ ಶಾಪಾಶಯ. ಹಿಂದೆ ದತ್ತಿಗೆ ಅಳುಪಿದವನು ವಾರಾಣಸಿಯಲ್ಲಿ ಕವಿಲೆ ಕೊಂದ ಪಾಪಕ್ಕೆ ಗುರಿಯಾಗುತ್ತಿದ್ದ. ಈಗ ಸ್ಕ್ರೂ ಮೇಲಿನ ಸೀಲು ಹರಿದವನು ವಾರಂಟಿ ಹೋಯಿತೆಂಬ ಬೈಗುಳಕ್ಕೆ ಗುರಿಯಾಗುತ್ತಾನೆ. ಜನ ಹೆಚ್ಚು ಅಂಜುವುದು ಎರಡನೆಯದಕ್ಕೆ.

ವ್ಯಾಖ್ಯಾನದಲ್ಲಿ ಎರಡು ಪಂಥಗಳುಂಟು. ಅಂಗಡಿ ಪಂಥದ ಮೂಲಸೂತ್ರ: “ಸಾರ್, ಇದು ಲೇಟೆಸ್ಟು.” ಅಳಿಯ ಪಂಥ ವೈಟ್‌ಫೀಲ್ಡ್ ಕಡೆ ಪ್ರಬಲ, ಅದರ ಸೂತ್ರ ತುಸು ದೀರ್ಘ: “ಮಾವ, ತಗೊಳ್ಳೋದು ತಗೊಳ್ತೀರಿ, ಐ7 ತಗೊಂಡ್ಬಿಡಿ, ಹತ್ತು ವರ್ಷ ಯೋಚನೆ ಇರಲ್ಲ.” ಎರಡೂ ಪಂಥಗಳಿಗೆ ಪ್ರಶಸ್ತಿಯ ಮೊದಲ ಸಾಲೇ ಪ್ರಮಾಣ. ಬಿರುದಿನ ಉದ್ದ ನೋಡಿ ರಾಜ್ಯದ ವಿಸ್ತಾರ ಅಳೆಯಬಾರದೆಂಬ ಶಾಸನಶಾಸ್ತ್ರದ ಬಾಲಪಾಠ ಇವರಿಗೆ ಆಗಿಲ್ಲ.

ಇಂಟೆಲ್ ವಂಶದ 12ನೇ ಪೀಳಿಗೆಯನ್ನೇ ನೋಡೋಣ. ಐ5-1235ಯು, ಐ7-1255ಯು ಎಂಬ ಇಬ್ಬರಿಗೂ ಹತ್ತು ಹತ್ತು ಕೋರುಗಳು: ಎರಡು ದುಡಿಯುವವು, ಎಂಟು ಮಿತವ್ಯಯದವು. ಇಬ್ಬರಿಗೂ ಗೊತ್ತುಮಾಡಿದ ಮೂಲ ಪಡಿ 15 ವ್ಯಾಟ್. ವೇಗದ ತುತ್ತತುದಿ ಒಬ್ಬನಿಗೆ 4.4 ಗಿಗಾಹರ್ಟ್ಸ್, ಇನ್ನೊಬ್ಬನಿಗೆ 4.7. ಅದೂ ಅಲ್ಪಕಾಲದ ವೈಭವ. ಮೈ ಕಾದೊಡನೆ ಇಬ್ಬರೂ ಇಳಿಯುತ್ತಾರೆ. ಅದೇ ಪೀಳಿಗೆಯ ಐ5-12500ಎಚ್‌ಗಾದರೋ ಹನ್ನೆರಡು ಕೋರು, 45 ವ್ಯಾಟ್. ಗಂಟೆಗಟ್ಟಲೆ ವಿಡಿಯೊ ಬೇಯಿಸುವ ಕೆಲಸದಲ್ಲಿ ಮೇಲಿನ ಐ7 ಇದರ ಹತ್ತಿರ ಸುಳಿಯದು. ಅಂದರೆ ಕೆಲವು ಪ್ರಸಂಗಗಳಲ್ಲಿ 5 ಎಂಬುದು 7ಕ್ಕಿಂತ ದೊಡ್ಡದು. ಈ ಗಣಿತದ ಕೀಲಿ ಹೆಸರಿನ ಬಾಲದಲ್ಲಿದೆ: ಯು ಮಿತಾಹಾರಿ, ಎಚ್ ಹೊಟ್ಟೆಬಾಕ. ಚೀಟಿಯ ಮೇಲೆ ಮಾತ್ರ ಬಾಲ ಸಾಮಾನ್ಯವಾಗಿ ಕಾಣುವುದಿಲ್ಲ. ಇದು ಲಿಪಿಕಾರನ ಕೈತಪ್ಪೋ ಅರಸನ ಅಪ್ಪಣೆಯೋ, ಚರ್ಚೆ ಸಾಗಿದೆ.

ಕಾಲನಿರ್ಣಯ ಇನ್ನೂ ತೊಡಕಿನದು. ಎಎಂಡಿ ವಂಶದ ರೈಜೆನ್ 5 7520ಯು ಎಂಬಲ್ಲಿ ಮೊದಲ 7 ಎಂದರೆ 2023ರ ಮಾದರಿ. ಅಂಗಡಿ ಪಂಥ ಓದನ್ನು ಇಲ್ಲಿಗೇ ನಿಲ್ಲಿಸಿ ಬಿಲ್ ಬರೆಯುತ್ತದೆ. ಮುಂದೆ ಓದಿದರೆ ಮೂರನೆಯ ಅಂಕಿ 2. ಒಳಗಿರುವುದು ಜೆನ್ 2 ವಿನ್ಯಾಸ. ಅದು ಬಂದದ್ದು 2019ರಲ್ಲಿ. ಅದೇ ಸಾಲಿನ 7840ಯು ಎಂಬುದರಲ್ಲಿ ಮೂರನೆಯ ಅಂಕಿ 4, ಒಳಗೂ ಜೆನ್ 4. ಮೊದಲನೆಯದನ್ನು ಕೂಟಶಾಸನ ಎನ್ನಲು ನಾಲಿಗೆ ತುರಿಸುತ್ತದೆ, ಆದರೆ ಎನ್ನುವಂತಿಲ್ಲ. ಸತ್ಯವನ್ನು ಮೂರನೆಯ ಅಂಕಿಯಲ್ಲಿ ಕೆತ್ತಿಯೇ ಇಟ್ಟಿದ್ದಾರೆ, ಓದುವವರಿಲ್ಲ, ಅಷ್ಟೆ. ಇಂಟೆಲ್ ಕೂಡ 2023ರ ಕೊನೆಯಲ್ಲಿ ‘ಐ’ ಅಕ್ಷರವನ್ನು ಕೈಬಿಟ್ಟು ‘ಅಲ್ಟ್ರಾ’ ತಂದಿತು. ಹಳೆಯ ಲಿಪಿ ಕಲಿತವರೆಲ್ಲ ಮತ್ತೆ ಒಂದನೇ ತರಗತಿಗೆ.

ಇನ್ನು ಆಯುರ್ದಾಯ. ವಿಂಡೋಸ್ 11 ಬಂದದ್ದು 2021ರಲ್ಲಿ. ಇಂಟೆಲ್‌ನ 8ನೇ ಪೀಳಿಗೆಗಿಂತ ಹಿಂದಿನವರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಅದು ಪಂಕ್ತಿಯಿಂದ ಎಬ್ಬಿಸಿತು. 2017ರ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಮೆರೆದ ನಾಲ್ಕು ಕೋರಿನ ಐ7-7700ಎಚ್‌ಕ್ಯು ಹೊರಗೆ. ಅದೇ ವರ್ಷದ ಕೊನೆಗೆ ಹುಟ್ಟಿದ, ಎರಡೇ ಕೋರಿನ, ತೆವಳುವ ಸೆಲೆರಾನ್ ಎನ್4000 ಒಳಗೆ! ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹತ್ತು ವರ್ಷ ಬಾಳಲಿ ಎಂದು ಬಿರುದಿಗೆ ಸುರಿದ ದುಡ್ಡಿನಲ್ಲಿ ಪೀಳಿಗೆಯನ್ನು ಕೊಂಡಿದ್ದರೆ ಲೇಸಾಗುತ್ತಿತ್ತೆಂದು ಸಿದ್ಧಾಂತಿಗಳ ಮತ.

ಉಳಿದ ಆಯುಷ್ಯ ರ‍್ಯಾಮಿನಲ್ಲಿದೆ. ಬೋರ್ಡಿಗೆ ಬೆಸುಗೆ ಹಾಕಿದ ರ‍್ಯಾಮು ಶಿಲಾಲೇಖ, ಒಂದಕ್ಷರ ಸೇರಿಸಲಾಗದು. ಸ್ಲಾಟಿನಲ್ಲಿ ಕೂತದ್ದು ತಾಳೆಗರಿ, ಹೊಸ ಗರಿ ಪೋಣಿಸಬಹುದು. ಶಿಲೆಯಾದರೆ ಮೊದಲೇ 16 ಜಿಬಿ ಕೆತ್ತಿಸಿಕೊಳ್ಳತಕ್ಕದ್ದು.

ಗ್ರಾಫಿಕ್ಸ್ ವಿಷಯದಲ್ಲಿ ವಿದ್ವಾಂಸರು ಕೈಕೈ ಮಿಲಾಯಿಸಿದ್ದೂ ಉಂಟು. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ. ಮುಖ್ಯ ರ‍್ಯಾಮಿನಿಂದಲೇ ಕಡ. ಆದ್ದರಿಂದ ರ‍್ಯಾಮು ಎರಡು ಚಾನೆಲ್ಲಿನಲ್ಲಿದ್ದರೆ ಅದು ಚುರುಕು. ಇಂಟೆಲ್‌ನ ‘ಐರಿಸ್ ಎಕ್ಸ್‌ಇ’ಯ ಚರಿತ್ರೆ ಇಲ್ಲಿ ಮನನೀಯ: ಒಂದೇ ಕಡ್ಡಿ ರ‍್ಯಾಮು ಹಾಕಿ, ಒಂದೇ ಚಾನೆಲ್ಲಿಗೆ ಇಳಿಸಿದರೆ ವಿಂಡೋಸ್‌ನಲ್ಲಿ ಅದರ ಹೆಸರೇ ‘ಯುಎಚ್‌ಡಿ’ ಆಗುತ್ತದೆ. ಬಡತನಕ್ಕಾಗಿ ಬಿರುದು ಕಿತ್ತುಕೊಂಡ ಇಂಥ ದೃಷ್ಟಾಂತ ರಾಜರ ಶಾಸನಗಳಲ್ಲಿ ಈ ಲೇಖಕನಿಗೆ ಸಿಕ್ಕಿಲ್ಲ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನದು ಬೇರೆ ಸಮಸ್ಯೆ, ಒಂದೇ ಹೆಸರಿನ ಹಲವು ಅರಸರ ಸಮಸ್ಯೆ. ಎನ್‌ವಿಡಿಯಾದ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060ಕ್ಕೆ ತಯಾರಕರು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟಾದರೂ ಉಣಿಸಬಹುದು. ಚೀಟಿ ಅದೇ, ಪರಾಕ್ರಮ ಬೇರೆ. ಆಟ, ಕ್ಯಾಡ್, ವಿಡಿಯೊ ಸಂಕಲನ ಮಾಡುವವರು ವ್ಯಾಟ್ ಕೇಳಿಯೇ ಕೊಳ್ಳಲಿ. ನುಡಿಯಲ್ಲಿ ಪತ್ರ ಬೆರಳಚ್ಚಿಸಿ, ಬೆಸ್ಕಾಂ ಬಿಲ್ ಕಟ್ಟಿ, ರಾತ್ರಿ ಯಕ್ಷಗಾನದ ವಿಡಿಯೊ ನೋಡುವ ಗೃಹಸ್ಥನಿಗೆ ಅದು ಇಟ್ಟಿಗೆ ಗಾತ್ರದ ಚಾರ್ಜರು ಹೊರುವ ವ್ರತ ಮಾತ್ರ. ವಿಡಿಯೊ ಬಿಡಿಸಲು ಬೇಕಾದ ಯಂತ್ರಾಂಗ ಒಳಗ್ರಾಫಿಕ್ಸಿನಲ್ಲೇ ಇದೆ; ಇಂಟೆಲ್‌ನ 11ನೇ ಪೀಳಿಗೆಯ ಲ್ಯಾಪ್‌ಟಾಪ್ ಕೋರ್‌ಗಳಲ್ಲಿ ಎವಿ1 ಬಗೆಯದಕ್ಕೂ ಬಂದಿದೆ.

ಹೀಗಾಗಿ ಸಿದ್ಧಾಂತ: ಗೃಹಸ್ಥನು ಈಚಿನ ಎರಡು ಪೀಳಿಗೆಗಳೊಳಗಿನ, ಯು ಬಾಲದ, ಮಧ್ಯಮ ಬಿರುದಿನ ಪ್ರೊಸೆಸರನ್ನು, ಒಳಗ್ರಾಫಿಕ್ಸನ್ನು, ಎರಡು ಚಾನೆಲ್ಲಿನ 16 ಜಿಬಿಯನ್ನು ಕೊಳ್ಳತಕ್ಕದ್ದು. ದುಡ್ಡು ಎಣಿಸುವ ಮೊದಲು ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರಿನ ಪೂರ್ಣನಾಮ ಬಾಲಸಮೇತ ಕಾಣುತ್ತದೆ. ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟು ತುಂಬಿದೆಯೆಂಬುದೂ. ಮುಂದೆ ಫ್ಯಾನಿನ ಧೂಳು ತೆಗೆಸುವುದು, ಸದಾ ಪ್ಲಗ್ಗಿನಲ್ಲಿರುವ ಬ್ಯಾಟರಿಗೆ ಶೇಕಡಾ 80ರ ಮಿತಿ ಹಾಕುವುದು ನಿತ್ಯಕರ್ಮಗಳು.

ಅಂಗಡಿ ಪಂಥ ಇದಕ್ಕೆ ತಲೆದೂಗಿ, ಸ್ಟಾಕ್ ಇಲ್ಲ ಎಂದಿದೆ. ಅಳಿಯ ಪಂಥ ಸುತರಾಂ ಒಪ್ಪಿಲ್ಲ. ಐ7 ಬೇಡವೆಂದಾದರೆ ಐ9 ಎಂದು ವಾದವನ್ನು ಮುಂದಕ್ಕೊಯ್ದಿದೆ. ದುಡ್ಡು ಮಾವನದಾದ್ದರಿಂದ ಅದರ ತರ್ಕಕ್ಕೆ ಈವರೆಗೆ ಧಕ್ಕೆಯಾಗಿಲ್ಲ.