ಬಾಂಬೆ ಟೀಮಿಗೆ ರೂಮ್ ಖಾಲಿ ಇದೆ

ಮುಂಬಯಿ ಕನ್ನಡಿಗರಿಗೆ ಬೆಂಗಳೂರಿನ ಮೇಲೆ ಹಳೆಯ ತಕರಾರುಗಳು ಬೇಕಾದಷ್ಟಿವೆ. ಅವೆಲ್ಲ ಅರ್ಜಿ ಬರೆದು ಮರೆಯುವಂಥವು. ಮರೆಯಲಾಗದ ಅವಮಾನ ಆದದ್ದು 2019ರ ಜುಲೈಯಲ್ಲಿ. ಎಳೆ ಪ್ರಾಯದಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಮೆಟ್ರಿಕ್ ಮುಗಿಸಿ, ಸಯನ್ನಿನಲ್ಲೊಂದು ಒನ್ ರೂಮ್ ಕಿಚನ್ ಮಾಡಿಕೊಂಡವರನ್ನು ಯಾರೂ ಯಾವತ್ತೂ ಬಿರುದು ಕೊಟ್ಟು ಕರೆದವರಲ್ಲ. ವಿಶೇಷ ವಿಮಾನದಲ್ಲಿ ಬಂದು, ಹೆಚ್ಚುಕಮ್ಮಿ ಮೂರು ವಾರ ಏಸಿ ರೂಮಿನಲ್ಲಿ ಮಲಗಿ ಎದ್ದ ಶಾಸಕರಿಗೆ ಮಾತ್ರ ಕರ್ನಾಟಕ ಸರಾಗವಾಗಿ ಹೆಸರಿಟ್ಟಿತು: ಬಾಂಬೆ ಟೀಮ್!

ಆ ಟೀಮು ಮೊದಲು ಇಳಿದದ್ದು ನಮ್ಮ ಮಗ್ಗುಲಿನಲ್ಲೇ. ಸಯನ್ ಸ್ಟೇಷನ್ನಿನ ಮೇಲೆ ಆಗ ಇದ್ದ ಸೇತುವೆ ಹತ್ತಿ ಇಳಿದರೆ ಧಾರಾವಿ, ಧಾರಾವಿ ದಾಟಿದರೆ ಬಿಕೆಸಿ, ಬಿಕೆಸಿಯಲ್ಲಿ ಸೋಫಿಟೆಲ್. ಜುಲೈ 6ರಂದು ಬೆಂಗಳೂರಿನಲ್ಲಿ ರಾಜೀನಾಮೆ ಪತ್ರ ಕೊಟ್ಟ ಕಾಂಗ್ರೆಸ್, ಜೆಡಿಎಸ್ ಶಾಸಕರಲ್ಲಿ ಹೆಚ್ಚಿನವರು ಸಂಜೆಗೆಲ್ಲ ಇಲ್ಲಿದ್ದರು. ಸಾಯಬೇಕೆಂದರೂ ತತ್ಕಾಲ್ ಟಿಕೆಟ್ ಬೇಕಾಗುವ ನಮಗೆ ಈ ವೇಗವೇ ಒಂದು ಪವಾಡವಾಗಿ ಕಂಡಿತು.

ಆಮೇಲೆ ಅವರ ಬಿಡಾರ ಪೊವಾಯಿಯ ರಿನೈಸಾನ್ಸ್ ಹೋಟೆಲಿಗೆ ಬದಲಾಯಿತು. ಜುಲೈ 10ರಂದು ಅದರ ಗೇಟಿನ ಹೊರಗೆ ನಡೆದದ್ದು ಈ ಕಥೆಯ ಅತ್ಯುತ್ತಮ ಅಂಕ. ಆಗ ಕುಮಾರಸ್ವಾಮಿ ಸಂಪುಟದಲ್ಲಿ ಸಚಿವರಾಗಿದ್ದ ಡಿ.ಕೆ. ಶಿವಕುಮಾರ್ ಮಳೆಯಲ್ಲಿ ಬಂದು ನಿಂತರು. ನನ್ನ ಸ್ನೇಹಿತರು ಒಳಗಿದ್ದಾರೆ, ನಾನೂ ರೂಮ್ ಬುಕ್ ಮಾಡಿದ್ದೇನೆ ಎಂದರು. ಸ್ನೇಹಿತರಾದರೋ ಇವರಿಂದಲೇ ನಮಗೆ ಭಯವಿದೆ, ರಕ್ಷಣೆ ಕೊಡಿ ಎಂದು ಮುಂಬಯಿ ಪೊಲೀಸರಿಗೆ ಆಗಲೇ ಪತ್ರ ಬರೆದಿದ್ದರು. ಹೋಟೆಲಿನವರು ಏನೋ ತುರ್ತು ಕಾರಣ ಹೇಳಿ ಬುಕಿಂಗ್ ರದ್ದು ಮಾಡಿದರು. ಸಚಿವರು ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತರು. ಕೊನೆಗೆ ಪೊಲೀಸರು ಅವರನ್ನು ಎಬ್ಬಿಸಿ ಕಲೀನಾದ ವಿಶ್ವವಿದ್ಯಾಲಯದ ಅತಿಥಿಗೃಹಕ್ಕೆ ಸಾಗಿಸಿದರು.

ಇದರಲ್ಲಿ ಬರೀ ನಗುವವರಿಗೆ ಹಿಂದಿನ ಅಂಕ ಗೊತ್ತಿರಲಿಕ್ಕಿಲ್ಲ. 2002ರಲ್ಲಿ ಇದೇ ಮಹಾರಾಷ್ಟ್ರದ ವಿಲಾಸರಾವ್ ದೇಶಮುಖ್ ಸರ್ಕಾರ ಅಲುಗಾಡಿದಾಗ ಇಲ್ಲಿನ ಶಾಸಕರನ್ನು ಬೆಂಗಳೂರಿಗೆ ಕರೆಸಿಕೊಂಡು ಜೋಪಾನ ಮಾಡಿದ ಆತಿಥೇಯರು ಇದೇ ಶಿವಕುಮಾರ್. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಬಿಡದಿಯ ಈಗಲ್ಟನ್ ರೆಸಾರ್ಟಿನಲ್ಲಿ ಕಾದವರೂ ಅವರೇ. ಎರಡು ರಾಜ್ಯಗಳ ಶಾಸಕರಿಗೆ ರೂಮ್ ಕೊಟ್ಟವರಿಗೆ ಮುಂಬಯಿಯಲ್ಲಿ ದುಡ್ಡು ಕೊಟ್ಟರೂ ಒಂದು ರೂಮ್ ಸಿಗಲಿಲ್ಲ. ಅತಿಥಿ ಸತ್ಕಾರದ ಸಾಲ ಹೀಗೂ ಚುಕ್ತಾ ಆಗುತ್ತದೆ.

ಆ ದಿನಗಳಲ್ಲಿ ಸಯನ್ನಿನ ಉಡುಪಿ ಹೋಟೆಲೊಂದರ ಗಲ್ಲೆಯ ಎದುರು ಕೇಳಿದ ಮಾತಿದು.

"ಏನು ಶೆಟ್ರೇ, ನಿಮ್ಮ ಊರಿನ ಸರ್ಕಾರ ಇಲ್ಲೇ ಪಕ್ಕದಲ್ಲಿ ಬಂದು ಬಿದ್ದಿದೆಯಂತೆ?"

"ಬಿದ್ದಿರಲಿ ಮಾರಾಯ್ರೇ. ನಮ್ಮಲ್ಲಿ ಅಡ್ವಾನ್ಸ್ ತಗೊಂಡ ಹುಡುಗ ಎದುರು ಹೋಟೆಲಲ್ಲಿ ಕೆಲಸಕ್ಕೆ ನಿಂತ್ರೆ, ಆ ಮಾಲಕರು ಮೊದಲು ನನಗೆ ಫೋನ್ ಮಾಡಿ ಕೇಳ್ತಾರೆ. ಇವರಿಗೆ ಅಷ್ಟೂ ಇಲ್ಲ."

ಅಡ್ವಾನ್ಸ್ ಕೊಟ್ಟವರು ನಾವು ಎಂಬುದು ಶೆಟ್ಟರ ಮಾತಿನ ಒಳಗುಟ್ಟು. ಹೊಸಕೋಟೆಯ ಎಂ.ಟಿ.ಬಿ. ನಾಗರಾಜ್ ಜುಲೈ 13ರಂದು ಕಾಂಗ್ರೆಸ್ ನಾಯಕರ ಪಕ್ಕ ನಿಂತು, ಬದುಕಿದರೂ ಸತ್ತರೂ ಈ ಪಕ್ಷದಲ್ಲೇ ಎಂಬರ್ಥದ ಮಾತಾಡಿದರು. ಮಾರನೆಯ ದಿನ ಮುಂಬಯಿಯ ವಿಮಾನ ಹತ್ತಿದರು. ಪಕ್ಷನಿಷ್ಠೆಗೆ ಇಪ್ಪತ್ತನಾಲ್ಕು ಗಂಟೆಯ ವ್ಯಾಲಿಡಿಟಿ ಇತ್ತೆಂದು ಅವರು ಹೇಳಲು ಮರೆತಿರಬೇಕು.

ಜುಲೈ 23ರಂದು ವಿಶ್ವಾಸಮತದಲ್ಲಿ 99ಕ್ಕೆ 105, ಸರ್ಕಾರ ಉರುಳಿತು. ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು. ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದೂ ಹೇಳಿತು. ತಪ್ಪು ನಿಜ, ಶಿಕ್ಷೆ ಮಾತ್ರ ರಜೆಯಲ್ಲಿದೆ. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಚುನಾವಣೆಯಾಗಿ 12ರಲ್ಲಿ ಬಿಜೆಪಿ ಗೆದ್ದಿತು. ಅನರ್ಹರಲ್ಲಿ ಕಣಕ್ಕಿಳಿದ 13 ಮಂದಿಯ ಪೈಕಿ 11 ಮಂದಿಯನ್ನು ಮತದಾರ ಪ್ರಭುಗಳು ಅರ್ಹರನ್ನಾಗಿ ಮಾಡಿ ಕಳಿಸಿದರು. ಸೋತವರಲ್ಲಿ ಒಬ್ಬರಾದ ನಾಗರಾಜ್ ವಿಧಾನ ಪರಿಷತ್ತಿನ ಹಿಂಬಾಗಿಲಿನಿಂದ ಒಳಬಂದು ಮಂತ್ರಿಯೂ ಆದರು. ರಾಜಕಾರಣಿಗಳ ಮೇಲೆ ನಮಗೆ ನಂಬಿಕೆ ಹೋಗಿದೆ ಎಂದು ಗೊಣಗುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು. ರಾಜಕಾರಣಿಗಳಿಗೆ ನಮ್ಮ ಮೇಲೆ ಎಷ್ಟು ಗಟ್ಟಿ ನಂಬಿಕೆ!

2023ರಲ್ಲಿ ಬಿಲ್ಲು ಬಂತು, ಅರ್ಧದಷ್ಟು. ಚಿಕ್ಕಬಳ್ಳಾಪುರದಲ್ಲಿ ಸುಧಾಕರ್, ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲ್, ಕೆ.ಆರ್. ಪೇಟೆಯಲ್ಲಿ ನಾರಾಯಣ ಗೌಡ, ಹೊಸಕೋಟೆಯಲ್ಲಿ ಮತ್ತೆ ನಾಗರಾಜ್, ಅಥಣಿಯಲ್ಲಿ ಕುಮಠಳ್ಳಿ ಸೋತರು. ಗೆದ್ದು ಉಳಿದವರಲ್ಲಿ ಸೋಮಶೇಖರ್ ಮತ್ತು ಶಿವರಾಮ್ ಹೆಬ್ಬಾರ್ ಅವರನ್ನು 2025ರ ಮೇಯಲ್ಲಿ ಬಿಜೆಪಿಯೇ ಉಚ್ಚಾಟಿಸಿತು. ಪಕ್ಷಕ್ಕೆ ನಿಷ್ಠರಾಗಿಲ್ಲ ಎಂಬುದು ದೂರು. ಪಕ್ಷಾಂತರದ ಮೂಲಕ ಬಂದವರಲ್ಲಿ ನಿಷ್ಠೆ ಹುಡುಕಿದ ಆ ಪಕ್ಷದ ಮುಗ್ಧತೆಗೆ ಯಾರಾದರೂ ಹಾರ ಹಾಕಬೇಕಿತ್ತು.

ಕರ್ನಾಟಕದ ಕೊಳೆಯನ್ನು ತೊಳೆಯಲು ಮಹಾರಾಷ್ಟ್ರದಲ್ಲಿ ನೀರೇನೂ ಇರಲಿಲ್ಲ. ಬಾಂಬೆ ಟೀಮ್ ಖಾಲಿ ಮಾಡಿ ಹೋದ ರಿನೈಸಾನ್ಸ್ ಹೋಟೆಲಿಗೆ ಅದೇ ವರ್ಷ ನವೆಂಬರಿನಲ್ಲಿ ಎನ್‌ಸಿಪಿಯ ಶಾಸಕರು ಬಂದರು. ಈ ಸಲ ಓಡಿಹೋಗಲು ಅಲ್ಲ, ಓಡಿಹೋಗದಂತೆ. ಹಾಸಿಗೆಯ ಬೆಡ್‌ಶೀಟ್ ಬದಲಾಗಿರಬಹುದು. 2022ರ ಜೂನಿನಲ್ಲಿ ಶಿವಸೇನೆಯ ಏಕನಾಥ ಶಿಂದೆಯವರ ಬಂಡಾಯ ಪಡೆ ಸೂರತ್ತಿಗೆ, ಅಲ್ಲಿಂದ ಗುವಾಹಟಿಗೆ ಹೋಯಿತು. ಅಸ್ಸಾಮಿನಲ್ಲಿ ಆಗ ಊರೂರೇ ನೆರೆಯಲ್ಲಿ ಮುಳುಗಿತ್ತು. ಸೋಲಾಪುರ ಜಿಲ್ಲೆಯ ಸಾಂಗೋಲಾದ ಶಾಸಕ ಶಹಾಜಿಬಾಪು ಪಾಟೀಲರು ಊರಿನ ಕಾರ್ಯಕರ್ತನೊಡನೆ ಫೋನಿನಲ್ಲಿ ಮಾತಾಡುತ್ತ ಅಲ್ಲಿನ ಗಿಡಮರ, ಬೆಟ್ಟ, ಹೋಟೆಲು ಮೂರನ್ನೂ ಬಾಯ್ತುಂಬ ಹೊಗಳಿದರು. ಆ ಮಾತು ಮಹಾರಾಷ್ಟ್ರದ ಮಕ್ಕಳ ಬಾಯಲ್ಲೆಲ್ಲ ಕುಣಿಯಿತು. 2024ರಲ್ಲಿ ಪಾಟೀಲರು ಸಾಂಗೋಲಾದಲ್ಲಿ ಸೋತರು. ಬೆಟ್ಟ ಅಲ್ಲೇ ಇದೆ.

ಆ ಬಂಡಾಯದಿಂದ ಉದ್ಧವ್ ಠಾಕ್ರೆ ಸರ್ಕಾರ ಹೋದ ಬಗೆಯ ಕುರಿತು ಸುಪ್ರೀಂ ಕೋರ್ಟ್ 2023ರ ಮೇ 11ರಂದು ಹೇಳಿದ್ದೇನು? ರಾಜ್ಯಪಾಲರು ಬಹುಮತ ಸಾಬೀತಿಗೆ ಹೇಳಿದ್ದು ಸರಿಯಲ್ಲ. ಆದರೆ ಠಾಕ್ರೆ ಸದನವನ್ನು ಎದುರಿಸದೆ ತಾವೇ ರಾಜೀನಾಮೆ ಕೊಟ್ಟಿದ್ದರಿಂದ ಅವರನ್ನು ಮತ್ತೆ ಕೂರಿಸಲಾಗದು. ಇಲ್ಲೂ ಶಿಕ್ಷೆಗೆ ಅದೇ ರಜೆ.

ಈಗ ಸಯನ್ನಿನ ಸೇತುವೆಗೆ ಬರೋಣ. 1912ರಲ್ಲಿ ಕಟ್ಟಿದ್ದು. ಇದು ಗಟ್ಟಿಯಿಲ್ಲ ಎಂದು ಐಐಟಿ ಮುಂಬಯಿಯ ತಜ್ಞರು ವರದಿ ಕೊಟ್ಟರು. ಕೆಳಗೆ ರೈಲ್ವೆಗೆ ಐದನೆಯ, ಆರನೆಯ ಹಳಿಗಳಿಗೂ ಜಾಗ ಬೇಕಿತ್ತು. 2024ರ ಜನವರಿಯಲ್ಲಿ ಒಡೆಯುತ್ತೇವೆ ಎಂದರು, ಸ್ಥಳೀಯರು ಬೇಡ ಎಂದರು. ಫೆಬ್ರವರಿ ಕೊನೆಗೆ ಎಂದರು, ಮಕ್ಕಳ ಬೋರ್ಡ್ ಪರೀಕ್ಷೆ ಅಡ್ಡಬಂತು. ಚುನಾವಣೆಯೂ ಕಳೆದು, ಕೊನೆಗೆ ಮುಚ್ಚಿದ್ದು ಆಗಸ್ಟ್ 1ರಂದು. ಅದಕ್ಕೂ ಮೊದಲು ಟ್ರಾಫಿಕ್ ಪೊಲೀಸರು ಪ್ರಕಟಣೆ ಹೊರಡಿಸಿ, ಸುಲೋಚನಾ ಶೆಟ್ಟಿ ಮಾರ್ಗದಿಂದ ಹೋಗಿ, ಸಂತ ರೋಹಿದಾಸ ಮಾರ್ಗದಿಂದ ಬನ್ನಿ ಎಂದು ತಿರುವು ತಿರುವನ್ನೂ ಬಿಡಿಸಿ ಹೇಳಿದರು. 112 ವರ್ಷದ ಕಲ್ಲು, ಕಬ್ಬಿಣವನ್ನು ಕೆಡವಲು ತಜ್ಞರ ವರದಿ, ಜನರ ಒಪ್ಪಿಗೆ, ಪರೀಕ್ಷೆಯ ವೇಳಾಪಟ್ಟಿ, ಬದಲಿ ದಾರಿ ಎಲ್ಲ ಬೇಕು. ಕೋಟ್ಯಂತರ ಜನ ಸರದಿಯಲ್ಲಿ ನಿಂತು ಕಟ್ಟಿದ ಸರ್ಕಾರಕ್ಕೆ ಒಂದು ಚಾರ್ಟರ್ ವಿಮಾನ ಸಾಕು. ನಮ್ಮ ವೋಟು ಈಗ ಯಾವ ಮಾರ್ಗದಿಂದ ಹೋಗುತ್ತಿದೆ ಎಂದು ಯಾವ ಪೊಲೀಸರೂ ಪ್ರಕಟಣೆ ಹೊರಡಿಸುವುದಿಲ್ಲ.

ಆ ಮಾರ್ಗ ಎಷ್ಟು ಸುತ್ತು ಎನ್ನಲು ಸಯನ್ನೇ ಸಾಕ್ಷಿ. 2019ರಲ್ಲಿ ನಮ್ಮ ದಕ್ಷಿಣ ಮಧ್ಯ ಮುಂಬಯಿ ಲೋಕಸಭಾ ಕ್ಷೇತ್ರ ಶಿವಸೇನೆಯ ಬಿಲ್ಲು ಬಾಣ ನೋಡಿ ರಾಹುಲ್ ಶೇವಾಳೆಯವರನ್ನು ಗೆಲ್ಲಿಸಿತು. 2022ರಲ್ಲಿ ಅವರು ಶಿಂದೆಯವರ ಕಡೆ ಹೋದರು, ಮರುವರ್ಷ ಬಿಲ್ಲು ಬಾಣವೂ ಅವರ ಹಿಂದೆಯೇ ಹೋಯಿತು. 2024ರ ಮೇ ಚುನಾವಣೆಯಲ್ಲಿ ಠಾಕ್ರೆ ಸೇನೆಯ, ಪಂಜಿನ ಗುರುತಿನ ಅನಿಲ್ ದೇಸಾಯಿ ಗೆದ್ದರು. ಆರು ತಿಂಗಳಲ್ಲಿ ಅದರೊಳಗಿನ ಸಯನ್ ಕೋಳಿವಾಡ ವಿಧಾನಸಭಾ ಕ್ಷೇತ್ರದಲ್ಲಿ ಬಿಜೆಪಿಯ ತಮಿಳ್ ಸೆಲ್ವನ್ ಮೂರನೆಯ ಸಲ ಗೆದ್ದರು. ನಡುವೆ ಲಾಡ್ಕಿ ಬಹೀಣ್ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ ಹೆಂಗಸರ ಖಾತೆಗೆ ಬೀಳತೊಡಗಿತ್ತು. ಇದನ್ನು ಜನರ ಮರೆವು ಎಂದು ವಿಶ್ಲೇಷಕರು ಬರೆದರು. ನನಗೆ ಹಾಗನಿಸುವುದಿಲ್ಲ. ಐದು ವರ್ಷದ ಮಾತು ಐದು ವರ್ಷ ಬಾಳುವುದಿಲ್ಲವೆಂದು ತಿಳಿದವರು ತಿಂಗಳ ಲೆಕ್ಕದಲ್ಲಿ ವಸೂಲಿಗೆ ಇಳಿದಿದ್ದಾರೆ, ಅಷ್ಟೇ.

ಒಡೆದ ಸೇತುವೆಯ ಬಗ್ಗೆ ಜಗಳವಾಡೋಣವೆಂದರೆ ವಾರ್ಡಿನಲ್ಲಿ ನಗರಸೇವಕರೇ ಇರಲಿಲ್ಲ. 2022ರ ಮಾರ್ಚಿನಲ್ಲಿ ಮಹಾನಗರ ಪಾಲಿಕೆಯ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಯ ರಾಜ್ಯಭಾರ. ರೈಲ್ವೆಯವರು ಪಾಲಿಕೆಯತ್ತ, ಪಾಲಿಕೆಯವರು ರೈಲ್ವೆಯತ್ತ ಕೈ ತೋರಿಸಿದರು. ಗಡುವು ಸರಿಯುತ್ತ ಹೋಯಿತು. ಅಂತೂ 2026ರ ಜನವರಿ 15ರಂದು ಚುನಾವಣೆ ನಡೆಯಿತು. ಸುಮಾರು ನಾಲ್ಕು ವರ್ಷಗಳ ನಂತರ ಬಂದ ನಗರಸೇವಕರು ಮೊದಲು ಗಟಾರ ನೋಡುತ್ತಾರೋ, ನಲ್ಲಿ ನೋಡುತ್ತಾರೋ ಎಂದು ಜನ ಕಾದರೆ, ಶಿಂದೆ ಸೇನೆಯ ನಗರಸೇವಕರು ಬಾಂದ್ರಾದ ತಾಜ್ ಲ್ಯಾಂಡ್ಸ್ ಎಂಡ್ ಹೋಟೆಲ್ ಸೇರಿದ್ದರು. ಹೊಸಬರಿಗೆ ಮಾರ್ಗದರ್ಶನ ಎಂದು ಪಕ್ಷ ವಿವರಿಸಿತು. ಕಸದ ಗಾಡಿಯ ಪಾಠಕ್ಕೆ ಸಮುದ್ರದ ನೋಟವಿರುವ ಕೋಣೆಯೇ ಬೇಕು, ಸರಿ.

ಸಯನ್ನಿನಲ್ಲಿ ಅಂಥ ಹೋಟೆಲುಗಳಿಲ್ಲ. ಆದ್ದರಿಂದ ಯಾವ ಪಕ್ಷವೂ ಯಾರನ್ನೂ ಇಲ್ಲಿ ತಂದು ಬಚ್ಚಿಡುವುದಿಲ್ಲ. ಶಾಸಕರ ಕಾರುಗಳ ಸಾಲು ನಮ್ಮ ರಸ್ತೆ ಕಟ್ಟುವುದಿಲ್ಲ ಎಂದು ನಾವು ಹಿಗ್ಗಿದ್ದೆವು. ಆ ಕೊರತೆಯನ್ನು ಸೇತುವೆ ತುಂಬಿಸಿಕೊಟ್ಟಿತು.